ಗ್ರಾಂ ತೂಗದ ಜೀವಕ್ಕೆ ಮೊದಲು ಕಾವು

ಹುಟ್ಟಿದ ದಿನ ಫಿಂಚ್ ಮರಿ ಒಂದು ಗ್ರಾಂ ಕೂಡ ತೂಗುವುದಿಲ್ಲ. ಸಾಕುಹಕ್ಕಿ ಅಂಗಡಿಗಳಲ್ಲಿ ಜೋಡಿ ಲೆಕ್ಕದಲ್ಲಿ ಸಿಗುವ ಜೀಬ್ರಾ ಫಿಂಚ್‌ನ ಮರಿಯಾದರೆ ಮುಕ್ಕಾಲು ಗ್ರಾಂ ಆಸುಪಾಸು, ಎರಡು ಶೇಂಗಾ ಬೀಜದಷ್ಟು. ಕಣ್ಣು ಮುಚ್ಚಿರುತ್ತದೆ. ಬೆನ್ನು, ತಲೆಯ ಮೇಲೆ ಅಲ್ಲಲ್ಲಿ ತುಪ್ಪುಳ ಬಿಟ್ಟರೆ ಮೈ ಬರಿದು. ಚರ್ಮ ಎಷ್ಟು ತೆಳುವೆಂದರೆ ಒಳಗಿನ ಆಹಾರವೂ ಹೊರಗೆ ಕಾಣುತ್ತದೆ. ಇಂಥದ್ದೊಂದು ಗೂಡಿನಿಂದ ಬಿದ್ದದ್ದು ಕಂಡಾಗ ನಮ್ಮ ಜನ ಮೊದಲು ಮಾಡುವುದು ಬಾಯಿಗೆ ನೀರು ಬಿಡುವ ಕೆಲಸ, ಆಮೇಲೆ ಹಾಲು, ಇಲ್ಲವೇ ಅನ್ನದ ಅಗುಳು. ಎಲ್ಲವೂ ಕರುಣೆಯಿಂದಲೇ ಮಾಡುವುದು. ಆದರೆ ಬಿದ್ದ ಪೆಟ್ಟಿಗಿಂತ ಈ ಕರುಣೆಗೇ ಸಾಯುವ ಮರಿಗಳಿವೆ.

ಹಿರಿಯೂರಿನಿಂದ ಬೆಂಗಳೂರು ದಿಕ್ಕಿಗೆ ಹೆದ್ದಾರಿ ಹಿಡಿದರೆ ಸಿಗುವ ಆದಿವಾಲದ ಸುತ್ತಮುತ್ತ ಇಂಥ ಹಕ್ಕಿಗಳಿಗೆ ಬರವಿಲ್ಲ. ಇವು ಅಂಗಡಿಯ ಫಿಂಚ್‌ಗಳಲ್ಲ, ಅದೇ ಕುಟುಂಬಕ್ಕೆ ಸೇರಿದ ನಮ್ಮ ನೆಲದ ಮುನಿಯಗಳು. ರಾಟವಾಳ ಎಂದೂ ಕರೆಯುತ್ತಾರೆ. ಗುರುತು ಹಿಡಿಯದವರಿಗೆ ಎಲ್ಲವೂ ಗುಬ್ಬಿಯೇ. ಮೇಲೆ ಮಣ್ಣಿನ ಬಣ್ಣ, ಕೆಳಗೆ ಬಿಳುಪು, ಚೂಪಾದ ಕಪ್ಪು ಬಾಲ, ದಪ್ಪ ಬೂದು ಕೊಕ್ಕು ಇದ್ದರೆ ಅದು ಬಿಳಿಗಂಟಲ ಮುನಿಯ. ಎದೆಯ ಮೇಲೆ ಮೀನಿನ ಹುರುಪೆಯಂಥ ಗೆರೆಗಳಿದ್ದರೆ ಚುಕ್ಕೆ ಮುನಿಯ. ಮಳೆ ಕಡಿಮೆ, ಹುಲ್ಲು ಗಿಡ್ಡ, ಮುಳ್ಳು ಹೆಚ್ಚು ಇರುವ ಬಯಲುಸೀಮೆ ಬಿಳಿಗಂಟಲ ಮುನಿಯಕ್ಕೆ ಹೇಳಿ ಮಾಡಿಸಿದ ಜಾಗ. ಶೇಂಗಾ, ರಾಗಿ, ಸಜ್ಜೆ ಹೊಲಗಳ ಬದುವಿನ ಜಾಲಿ, ಬಳ್ಳಾರಿ ಜಾಲಿ, ಬೇಲಿಯ ಪೊದೆ ಇವುಗಳಲ್ಲಿ ಒಣಹುಲ್ಲನ್ನು ಉಂಡೆ ಮಾಡಿ, ಪಕ್ಕದಲ್ಲಿ ಬಾಗಿಲಿಟ್ಟು ಗೂಡು ಕಟ್ಟುತ್ತದೆ. ಬಾವಿಯ ಮೇಲೆ ಜೋತುಬಿದ್ದ ಹಳೆಯ ಗೀಜಗನ ಗೂಡಿಗೂ ಬಿಡಾರ ಹೂಡುವುದುಂಟು. ಗಾಳಿ ಬೀಸಿದಾಗ, ತೆಂಗಿನ ಗರಿ ಕಳಚಿದಾಗ, ಬದು ಸವರಲು ಜೆಸಿಬಿ ಬಂದಾಗ ಮರಿ ನೆಲ ಕಾಣುತ್ತದೆ.

ಮುಟ್ಟಿದರೆ ತಾಯಿ ಬಿಡುತ್ತದೆಯೇ?

ಮನುಷ್ಯನ ಕೈ ಸೋಕಿದ ಮರಿಯನ್ನು ತಾಯಿಹಕ್ಕಿ ಸೇರಿಸುವುದಿಲ್ಲ ಎಂಬ ಮಾತು ಊರೂರಿನಲ್ಲಿದೆ. ಅದು ನಿಜವಲ್ಲ. ಮೊಟ್ಟೆಯಿಟ್ಟು, ಹತ್ತು ಹನ್ನೆರಡು ದಿನ ಸರದಿಯಲ್ಲಿ ಕಾವು ಕೂತ ಗಂಡುಹೆಣ್ಣು ಅಷ್ಟು ಸುಲಭಕ್ಕೆ ಮರಿಯನ್ನು ಬಿಟ್ಟುಕೊಡುವುದಿಲ್ಲ. ಆದ್ದರಿಂದ ಮರಿ ಸಿಕ್ಕಾಗ ಮೊದಲು ತಲೆಯೆತ್ತಿ ಗೂಡು ಹುಡುಕಬೇಕು. ಸಿಕ್ಕರೆ, ಮರಿಯನ್ನು ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿ ಒಳಗೆ ಸೇರಿಸಿದರೆ ಕೆಲಸ ಮುಗಿಯಿತು. ಗೂಡೇ ಬಿದ್ದಿದ್ದರೆ ಅದನ್ನು ಅದೇ ಪೊದೆಗೆ, ಬಾಗಿಲು ಅದೇ ದಿಕ್ಕಿಗಿರುವಂತೆ ದಾರದಿಂದ ಕಟ್ಟಿ ದೂರ ನಿಲ್ಲಬೇಕು. ಕಾಲ ಬಳಿಯೇ ನಿಂತು ಕಾಯುವವರಿದ್ದರೆ ತಾಯಿ ಬರುವುದಿಲ್ಲ. ಕೈ ವಾಸನೆಗಿಂತ ನಮ್ಮ ನೆರಳಿಗೆ ಅದು ಹೆದರುತ್ತದೆ.

ಪಂಜರದ ಜೀಬ್ರಾ ಫಿಂಚ್‌ಗೂ ಇದೇ ಮಾತು. ಮೊದಲ ಬಾರಿ ಮರಿ ಮಾಡಿದ ಜೋಡಿ, ಪದೇ ಪದೇ ಗೂಡಿನೊಳಗೆ ಇಣುಕುವ ಮಾಲೀಕ, ಒಣ ಕಾಳು ಬಿಟ್ಟು ಬೇರೇನೂ ಇಲ್ಲದ ಮೇವು ಇವೆಲ್ಲ ಮರಿಯನ್ನು ಹೊರಗೆ ಎಸೆಯಲು ಕಾರಣವಾಗುತ್ತವೆ. ತಣ್ಣಗಾಗಿ ಅಲುಗಾಡದ ಮರಿಯನ್ನು ಸತ್ತಿದೆಯೆಂದು ಹೊರಹಾಕುವುದೂ ಉಂಟು. ಅದನ್ನು ಬಿಸಿ ಮಾಡಿ ಮತ್ತೆ ಗೂಡಿಗಿಟ್ಟರೆ ಅನೇಕ ಸಲ ಜೋಡಿ ಏನೂ ಆಗದಂತೆ ಗುಟುಕು ಕೊಡಲು ತೊಡಗುತ್ತದೆ.

ಕೈಯಿಂದ ಸಾಕುವ ಮಾತು ಬರಬೇಕಾದದ್ದು ಇದಾದ ಮೇಲೆಯೇ: ಗೂಡಿಲ್ಲ, ತಂದೆತಾಯಿ ಸತ್ತಿವೆ, ಅಥವಾ ಮತ್ತೆ ಮತ್ತೆ ಎಸೆಯುತ್ತಿವೆ ಎಂದು ಖಚಿತವಾದಾಗ.

ಕಾವಿಲ್ಲದೆ ಗುಟುಕಿಲ್ಲ

ಪುಕ್ಕ ಬಾರದ ಮರಿಗೆ ತನ್ನ ಮೈಬಿಸಿ ಕಾಯ್ದುಕೊಳ್ಳಲು ಬರುವುದಿಲ್ಲ. ಗೂಡಿನಲ್ಲಿ ತಾಯಿಯ ಹೊಟ್ಟೆ, ಒಡಹುಟ್ಟಿದವುಗಳ ಮೈ, ಸುತ್ತಲಿನ ಹುಲ್ಲು ಸೇರಿ ಆ ಬಿಸಿ ಕೊಡುತ್ತವೆ. ಅಲ್ಲಿಂದ ಹೊರಬಿದ್ದ ಮರಿಗೆ ನಡು ಮಧ್ಯಾಹ್ನದ ನೆರಳೂ ಚಳಿಯೇ. ಮೈ ತಣ್ಣಗಾದರೆ ಜೀರ್ಣಕ್ರಿಯೆ ನಿಲ್ಲುತ್ತದೆ. ಆಗ ಕೊಟ್ಟ ಆಹಾರ ಕತ್ತಿನ ಬುಡದ ಮೇವಿನ ಚೀಲದಲ್ಲೇ ಕೂತು ಹುಳಿಯುತ್ತದೆ. ಹಸಿದು ಸಾಯುವ ಮುನ್ನವೇ ಮರಿ ಹುಳಿತ ಆಹಾರದಿಂದ ಸಾಯುತ್ತದೆ. ಆದ್ದರಿಂದ ತಣ್ಣಗಿರುವ ಮರಿಗೆ ಒಂದು ತೊಟ್ಟೂ ಕೊಡಬಾರದು. ಈಗತಾನೇ ಮೊಟ್ಟೆಯೊಡೆದು ಬಂದದ್ದಾದರೆ ಅದರ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿಯ ಅಂಶ ಇನ್ನೂ ಉಳಿದಿರುತ್ತದೆ; ಮೊದಲ ಕೆಲವು ಗಂಟೆ ಅದಕ್ಕೆ ಹಸಿವಿನ ಚಿಂತೆಯಿಲ್ಲ, ಕಾವಿನದ್ದೇ ಚಿಂತೆ.

ಬರಿಮೈ ಮರಿಗೆ 35ರಿಂದ 36 ಡಿಗ್ರಿ ಸೆಲ್ಸಿಯಸ್ ಬೇಕು. ಮುಳ್ಳುಮುಳ್ಳಾಗಿ ಪುಕ್ಕದ ಕಡ್ಡಿ ಮೂಡಿದ ಮೇಲೆ 32ರ ಸುತ್ತ, ಪುಕ್ಕ ಬಿಚ್ಚಿಕೊಂಡ ಮೇಲೆ ಅದಕ್ಕೂ ಕಡಿಮೆ ಸಾಕು. ಮನೆಯಲ್ಲಿ ಇದಕ್ಕೆ ರಟ್ಟಿನ ಪೆಟ್ಟಿಗೆ ಸಾಕು. ಸಣ್ಣ ಬಟ್ಟಲಿಗೆ ಟಿಶ್ಯೂ ಕಾಗದ ಒತ್ತೊತ್ತಾಗಿ ತುಂಬಿ ನಡುವೆ ಕುಳಿ ಮಾಡಿ ಮರಿಯನ್ನು ಅದರಲ್ಲಿ ಕೂರಿಸಬೇಕು. ಸಪಾಟು ನೆಲದ ಮೇಲೆ ಬಿಟ್ಟರೆ ಕಾಲು ಅಗಲಿಸಿಕೊಂಡು ಸೊಟ್ಟಗಾಗುತ್ತದೆ. ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಹಳೆಯ ಕಾಲದ 40 ವ್ಯಾಟ್ ಬಲ್ಬು, ಮರಿಯ ಪಕ್ಕ ಥರ್ಮಾಮೀಟರ್, ಗಾಳಿ ಒಣಗದಂತೆ ಮೂಲೆಯಲ್ಲಿ ಒದ್ದೆ ಬಟ್ಟೆ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಕರೆಂಟು ಹೋಗಿಬರುವ ಊರಾದರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನೂ ಸಿದ್ಧವಿಟ್ಟುಕೊಳ್ಳಬೇಕು.

ಹಿರಿಯೂರು ಸೀಮೆಯ ಬೇಸಿಗೆಯಲ್ಲಿ ಆತಂಕ ತಿರುಗಾಮುರುಗಾ. ತಗಡಿನ ಸೂರಿನ ಕೆಳಗೆ ಮುಚ್ಚಿದ ಪೆಟ್ಟಿಗೆ ಅರೆಗಳಿಗೆಯಲ್ಲಿ ಒಲೆಯಾಗುತ್ತದೆ. ಮರಿ ಕತ್ತು ಚಾಚಿ ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ ಹೆಚ್ಚಾಗಿದೆ ಎಂದರ್ಥ. ಮುದುಡಿ, ಮುಟ್ಟಿದರೆ ತಣ್ಣಗೆ ಹತ್ತಿದರೆ ಕಾವು ಸಾಲದು. ಬಿಸಿಯ ಲೆಕ್ಕವನ್ನು ಹಕ್ಕಿಗಳು ನಮಗಿಂತ ಮೊದಲೇ ಹಾಕುತ್ತವೆ ಎನ್ನುವುದಕ್ಕೆ ಆಸ್ಟ್ರೇಲಿಯಾದಲ್ಲಿ ನಡೆದ ಒಂದು ಅಧ್ಯಯನವಿದೆ. ಹವೆ 26 ಡಿಗ್ರಿ ದಾಟಿದಾಗ ಜೀಬ್ರಾ ಫಿಂಚ್‌ಗಳು ಕಾವು ಕೂತಲ್ಲೇ ಮೊಟ್ಟೆಗಳಿಗೆ ಕೇಳುವಂತೆ ಒಂದು ವಿಶೇಷ ದನಿ ಹೊರಡಿಸುತ್ತವೆ. ಅದನ್ನು ಕೇಳಿಸಿಕೊಂಡ ಮರಿಗಳು ಸೆಕೆಯ ಗೂಡಿನಲ್ಲಿ ಮೈ ಸಣ್ಣದಾಗಿಟ್ಟುಕೊಂಡು ಬೆಳೆಯುತ್ತವೆ. ಮೈಲೀನ್ ಮಾರಿಯೆಟ್ ಮತ್ತು ಕ್ಯಾಥರೀನ್ ಬುಕಾನನ್ ಇದನ್ನು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಗುಟುಕಿನ ಹದ

ಈ ಕುಟುಂಬದ ಮರಿಗಳು ಬಾಯಿ ತೆರೆಯುವ ರೀತಿಯೇ ಬೇರೆ. ಮೈನಾ, ಪಿಕಳಾರದ ಮರಿಗಳು ಕತ್ತು ನೆಟ್ಟಗೆ ಮೇಲೆತ್ತಿ ಬಾಯಿ ಬಿಡುತ್ತವೆ. ಮುನಿಯ, ಫಿಂಚ್ ಮರಿಗಳು ತಲೆಯನ್ನು ನೆಲಕ್ಕೆ ಹತ್ತಿಸಿಕೊಂಡೇ ಕತ್ತು ತಿರುಚಿ, ಬಾಯನ್ನು ಮೇಲ್ಮುಖ ಮಾಡಿ ಅತ್ತಿತ್ತ ಆಡಿಸುತ್ತವೆ. ತೆರೆದ ಬಾಯಿಯ ಅಂಗುಳಿನಲ್ಲಿ ಕಪ್ಪು ಚುಕ್ಕೆಗಳು, ಕೊಕ್ಕಿನ ಅಂಚಿನಲ್ಲಿ ಬೆಳ್ಳನೆಯ ಗಂಟುಗಳು. ಕತ್ತಲ ಗೂಡಿನೊಳಗೆ ಗುಟುಕು ಎಲ್ಲಿಗೆ ಹಾಕಬೇಕೆಂದು ತಂದೆತಾಯಿಗೆ ತೋರಿಸುವ ಗುರುತು ಇದು. ತಾಯಿ ತನ್ನ ಕೊಕ್ಕನ್ನು ಮರಿಯ ಬಾಯೊಳಗಿಟ್ಟು, ತಾನು ತಿಂದು ಮೆತ್ತಗಾದ ಕಾಳನ್ನು ಒತ್ತೊತ್ತಿ ಕಕ್ಕುತ್ತದೆ. ಕತ್ತಿನ ಪಕ್ಕದ ಚೀಲ ತುಂಬುತ್ತಿದ್ದಂತೆ ಚರ್ಮದಡಿ ಒಂದೊಂದು ಕಾಳೂ ಎಣಿಸುವ ಹಾಗೆ ಕಾಣುತ್ತದೆ. ಪಂಜರದ ಮರಿಗೆ ಗುಟುಕು ಸಿಗುತ್ತಿದೆಯೇ ಎಂದು ತಿಳಿಯಲು ಈ ಚೀಲ ನೋಡಿದರೆ ಸಾಕು.

ಮನುಷ್ಯನ ಕೈಗೆ ಈ ಕೆಲಸ ಒಗ್ಗುವುದು ನಿಧಾನ. ಮೊದಲ ದಿನಗಳಲ್ಲಿ ಒಂದು ಸಲಕ್ಕೆ ಹಿಡಿಸುವುದು ಒಂದೆರಡು ಸಣ್ಣ ಹನಿ ಅಷ್ಟೇ. ಮೊಂಡಾದ ತೆಳು ಕಡ್ಡಿಯ ತುದಿ, ಸಣ್ಣ ಬ್ರಷ್ಷು, ಸೂಜಿ ತೆಗೆದ ಅತಿ ಸಣ್ಣ ಸಿರಿಂಜಿಗೆ ಸಿಕ್ಕಿಸಿದ ಮೆತ್ತನೆಯ ಕೊಳವೆ, ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಕೊಕ್ಕಿನ ಬದಿ ಮೆಲ್ಲಗೆ ತಾಗಿಸಿದರೆ ಮರಿ ತಾನೇ ಬಾಯಿ ತೆರೆಯುತ್ತದೆ. ತೆರೆಯದಿದ್ದರೆ ಬಲವಂತ ಮಾಡದೆ ಕಾವು ಸರಿಯಿದೆಯೇ ನೋಡಬೇಕು. ಹನಿ ಇಟ್ಟು, ಅದು ನುಂಗುವವರೆಗೆ ಕಾದು, ಮುಂದಿನ ಹನಿ. ಉಸಿರಿನ ದ್ವಾರ ನಾಲಿಗೆಯ ಬುಡದಲ್ಲೇ ಇರುವುದರಿಂದ ಬಾಯಿಗೆ ಸುರಿದ ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಮರಿಗೆ ಬೇಕಾದ ನೀರೆಲ್ಲ ಗುಟುಕಿನಲ್ಲೇ ಇರುತ್ತದೆ.

ಗುಟುಕಿಗೆ ಗಿಳಿಮರಿಗಳಿಗೆಂದು ಮಾರುವ ಹ್ಯಾಂಡ್‌ಫೀಡಿಂಗ್ ಪುಡಿ ಒಳ್ಳೆಯದು. ಮೊದಲ ದಿನ ನೀರಿನಷ್ಟೇ ತೆಳುವಾಗಿ, ದಿನ ಕಳೆದಂತೆ ಗಂಜಿಯ ಹದಕ್ಕೆ ಗಟ್ಟಿ ಮಾಡುತ್ತಾ, 38ರಿಂದ 40 ಡಿಗ್ರಿ ಬೆಚ್ಚಗೆ ಕೊಡಬೇಕು. ಪುಡಿ ಸಿಗುವ ತನಕ ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಿಸಿನೀರಿನಲ್ಲಿ ನುಣ್ಣಗೆ ಕದಡಿ ಒಂದು ದಿನ ದೂಡಬಹುದು. ಹಾಲು ಬೇಡವೇ ಬೇಡ. ಹಕ್ಕಿಗೆ ಅದನ್ನು ಅರಗಿಸುವ ಶಕ್ತಿಯಿಲ್ಲ. ಮೊದಲ ವಾರ ಬೆಳಗಿನಿಂದ ರಾತ್ರಿಯವರೆಗೆ ಅರ್ಧ ಗಂಟೆಯಿಂದ ಒಂದು ಗಂಟೆಗೊಮ್ಮೆ ಗುಟುಕು ಬೇಕು. ಹೊಸದಾಗಿ ಹುಟ್ಟಿದ್ದಕ್ಕೆ ರಾತ್ರಿಯೂ ಎದ್ದು ಕೊಡಬೇಕು. ಚೀಲ ಬಹುಪಾಲು ಇಳಿಯದೆ ಮುಂದಿನ ಗುಟುಕು ಕೊಡಬಾರದು. ಕೆಲಸಕ್ಕೆ ಹೋಗುವ ಒಬ್ಬರಿಂದ ಇದು ಆಗುವ ಮಾತಲ್ಲ. ಮನೆಮಂದಿ ಸರದಿ ಹಂಚಿಕೊಂಡರೆ ಮಾತ್ರ ಸಾಧ್ಯ.

ಒಂದು ವಾರದ ಹೊತ್ತಿಗೆ ಕಣ್ಣು ಬಿಡುತ್ತದೆ. ಮೂರನೆಯ ವಾರ ಪುಕ್ಕ ತುಂಬಿ, ಹತ್ತು ಗ್ರಾಂ ದಾಟಿ, ಗೂಡು ಬಿಡುವ ಆತುರಕ್ಕೆ ಬೀಳುತ್ತದೆ. ಹಾರಲು ಬಂದ ಮಾತ್ರಕ್ಕೆ ತಿನ್ನಲು ಬರುವುದಿಲ್ಲ. ಇನ್ನೂ ಎರಡು ವಾರ ಗುಟುಕು ಬೇಡುತ್ತದೆ. ಇಲ್ಲಿ ನಮ್ಮ ಬಯಲುಸೀಮೆಯೇ ಕೈಹಿಡಿಯುತ್ತದೆ. ಜಗತ್ತಿನಾದ್ಯಂತ ಫಿಂಚ್ ಸಾಕುವವರು ಪಂಜರಕ್ಕೆ ಕಟ್ಟುವ ತೆನೆ ನಮ್ಮ ನವಣೆಯದ್ದೇ. ಹೊಸದುರ್ಗ, ಹಿರಿಯೂರು ಕಡೆಯ ಸಾಮೆ, ನವಣೆಯ ಹಸಿ ತೆನೆ, ಹಾಲುಗಟ್ಟಿದ ಹುಲ್ಲಿನ ಬೀಜ ಮುನಿಯ ಮರಿ ಮೊದಲು ಕುಕ್ಕಲು ಕಲಿಯುವ ಆಹಾರ. ಚುಕ್ಕೆ ಮುನಿಯಗಳು ಹೆಚ್ಚಾಗಿ ಮಳೆಗಾಲದಲ್ಲಿ ಮರಿ ಮಾಡುವುದೂ ಈ ಹಾಲುಗಾಳಿನ ಲೆಕ್ಕದಿಂದಲೇ.

ಕೈಯಿಂದ ಕೊಡಲಾಗದ್ದು

ಕಾವು, ಗುಟುಕು ಎರಡನ್ನೂ ನಾವು ಕೊಟ್ಟೇವು. ಹಕ್ಕಿತನ ಕೊಡಲು ನಮ್ಮಿಂದಾಗದು. ಗಂಡು ಜೀಬ್ರಾ ಫಿಂಚ್ ತನ್ನ ಹಾಡನ್ನು ಹುಟ್ಟಿನಿಂದ ತರುವುದಿಲ್ಲ. ಸುಮಾರು 25ನೆಯ ದಿನದಿಂದ 90ನೆಯ ದಿನದೊಳಗೆ ತಂದೆಯಿಂದ, ಬಳಗದ ಗಂಡುಗಳಿಂದ ಕೇಳಿ ಕಲಿಯುತ್ತದೆ. ಆ ಅವಧಿಯಲ್ಲಿ ಒಂಟಿಯಾಗಿ ಬೆಳೆದದ್ದು ದೊಡ್ಡದಾದ ಮೇಲೂ ಅಡ್ಡಾದಿಡ್ಡಿ ಉಲಿಯುತ್ತದೆ. ಯಾರನ್ನು ತನ್ನವರೆಂದು ಬಗೆಯಬೇಕು ಎಂಬುದೂ ಎಳವೆಯಲ್ಲೇ ನಾಟುತ್ತದೆ. ಜರ್ಮನಿಯ ಕ್ಲಾಸ್ ಇಮ್ಮೆಲ್‌ಮನ್ 1960ರ ದಶಕದಲ್ಲಿ ಜೀಬ್ರಾ ಫಿಂಚ್ ಮರಿಗಳನ್ನು ಬೆಂಗಾಲಿ ಫಿಂಚ್‌ಗಳ ಗೂಡಿನಲ್ಲಿ ಬೆಳೆಸಿದಾಗ, ಆ ಗಂಡುಗಳು ದೊಡ್ಡವಾದ ಮೇಲೆ ತಮ್ಮ ಜಾತಿಯ ಹೆಣ್ಣನ್ನು ಬಿಟ್ಟು ಸಾಕುತಾಯಿಯ ಜಾತಿಯ ಹೆಣ್ಣಿಗೆ ಹಾಡಿದವು.

ಆದರೂ ಪಂಜರದ ಅನಾಥ ಮರಿಗೆ ಮನುಷ್ಯನ ಕೈಗಿಂತ ಬೆಂಗಾಲಿ ಫಿಂಚ್‌ನ ಗೂಡೇ ಮೇಲು. ಯಾರ ಮರಿಯಾದರೂ ತನ್ನದೆಂದು ಸಾಕುವ ಗುಣಕ್ಕೆ ಅದು ಸಾಕಣೆದಾರರಲ್ಲಿ ಹೆಸರುವಾಸಿ. ನಮ್ಮ ಪಶ್ಚಿಮಘಟ್ಟದಲ್ಲೂ ಇರುವ ಬಿಳಿಬೆನ್ನಿನ ಮುನಿಯ ಪ್ರಭೇದದಿಂದ ಜಪಾನಿನಲ್ಲಿ ಪಳಗಿದ ಹಕ್ಕಿ ಅದು. ಹೆಚ್ಚುಕಡಿಮೆ ಅದೇ ವಯಸ್ಸಿನ ಮರಿಗಳಿರುವ ಜೋಡಿ ಪರಿಚಯದವರ ಬಳಿ ಇದ್ದರೆ, ಅಲ್ಲಿಗೆ ಸೇರಿಸುವುದು ಸಿರಿಂಜು ಹಿಡಿದು ಕೂರುವುದಕ್ಕಿಂತ ಜಾಣತನ. ಅಂಥ ಗೂಡು ಸಿಗದೆ ಕೈಯಲ್ಲೇ ಬೆಳೆಸಬೇಕಾಗಿ ಬಂದರೆ, ಕಣ್ಣು ಬಿಟ್ಟ ಮೇಲಾದರೂ ತನ್ನ ಜಾತಿಯ ಹಕ್ಕಿಗಳು ಕಾಣುವ, ಕೇಳುವ ಜಾಗದಲ್ಲಿಡಬೇಕು.

ಹೊಲದಲ್ಲಿ ಸಿಕ್ಕ ಮುನಿಯದ ವಿಷಯ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟು ಸಾಕುವುದು ಅಪರಾಧ. ಪಂಜರದಲ್ಲಿಡಬಹುದಾದದ್ದು ಜೀಬ್ರಾದಂಥ ವಿದೇಶಿ ಮೂಲದ ಫಿಂಚ್ ಮಾತ್ರ. ಗೂಡಿಗೆ ಮರಳಿಸಲಾಗದ ಮರಿಯಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು. ಕಾಡುಹಕ್ಕಿಗಳಿಗೆ ಚಿಕಿತ್ಸೆ ಕೊಡುವ ಕೇಂದ್ರಗಳು ಬೆಂಗಳೂರಿನಲ್ಲಿವೆ, ಆದಿವಾಲದಿಂದ ನೂರೈವತ್ತು ಕಿಲೋಮೀಟರ್ ಆಸುಪಾಸು. ಕಾವಿಲ್ಲದೆ ಅಷ್ಟು ದೂರ ಸಾಗಿಸಿದರೆ ತಲುಪುವುದು ಹೆಣವೇ. ಹಾಗಾಗಿ ನೆರವು ಸಿಗುವವರೆಗಿನ ಕೆಲವು ಗಂಟೆ ಕಾವು ಕಾಯುವ ಹೊಣೆ ಕಂಡವರದ್ದು.

ಇಷ್ಟೆಲ್ಲ ಪಾಡು ತಪ್ಪಿಸುವ ಉಪಾಯ ರೈತರ ಕೈಯಲ್ಲೇ ಇದೆ. ಬದುವಿನ ಪೊದೆ, ಬೇಲಿ ಸವರುವ ಕೆಲಸವನ್ನು ಮಳೆಗಾಲ ಮುಗಿಯುವ ತನಕ ಮುಂದೂಡುವುದು ಒಳ್ಳೆಯದು. ತಪ್ಪದಿದ್ದರೆ ಕತ್ತಿ ಬೀಸುವ ಮುನ್ನ ಹುಲ್ಲಿನ ಉಂಡೆಗಳನ್ನು ಒಮ್ಮೆ ನೋಡಿ, ಮರಿಯಿರುವ ಗಿಡವನ್ನು ಮೂರು ವಾರ ಉಳಿಸಿದರಾಯಿತು. ಆ ಮರಿಗಳನ್ನು ನಮಗಿಂತ ಚೆನ್ನಾಗಿ ಸಾಕಬಲ್ಲ ಜೋಡಿ ಅಲ್ಲೇ ಇದೆ.

ಮರಿ ಕೈಗೆ ಸಿಕ್ಕರೆ

• ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿ. ನೀರು, ಹಾಲು, ಅನ್ನ ಕೊಡಬೇಡಿ.

• ಗೂಡು ಹುಡುಕಿ ಒಳಗಿಡಿ. ಗೂಡು ಬಿದ್ದಿದ್ದರೆ ಅದೇ ಗಿಡಕ್ಕೆ ಕಟ್ಟಿ, ದೂರದಿಂದ ಒಂದೆರಡು ಗಂಟೆ ಗಮನಿಸಿ.

• ದೊಡ್ಡ ಹಕ್ಕಿಗಳು ಬಾರದಿದ್ದರೆ ಟಿಶ್ಯೂ ತುಂಬಿದ ಬಟ್ಟಲಿನಲ್ಲಿ, 35 ಡಿಗ್ರಿ ಬಿಸಿಯಲ್ಲಿ, ಸದ್ದಿಲ್ಲದ ಕಡೆ ಇಡಿ.

• ಕಾಡುಹಕ್ಕಿಯಾದರೆ 1926ಕ್ಕೆ ಕರೆ ಮಾಡಿ. ಸಾಕುಹಕ್ಕಿಯಾದರೆ ಪಶುವೈದ್ಯರನ್ನು ಕೇಳಿ.

• ಗುಟುಕು ಕೊಡಲೇಬೇಕಾಗಿ ಬಂದರೆ, ಮೈ ಬಿಸಿಯಾಗಿ ತಾನಾಗಿ ಬಾಯಿ ತೆರೆದ ಮೇಲಷ್ಟೇ ಕೊಡಿ.