ಮಿಂಚುಳ್ಳಿ ಕಂಡಿತೆಂದು ಹೊಳೆ ಶುದ್ಧ ಅಂದುಕೊಳ್ಳಬೇಡಿ

ಕರಾವಳಿಯ ತೋಡು, ಗದ್ದೆ ಬದಿಯಲ್ಲಿ ಕಾಣುವ ಮಿಂಚುಳ್ಳಿಯನ್ನು ಕೊಲ್ಲಾಪುರದ ಮರಾಠಿಗರು ‘ಖಂಡ್ಯಾ’ ಅಂತಾರೆ. ಕೊಲ್ಲಾಪುರ, ಇಚಲಕರಂಜಿ ಎರಡೂ ಪಂಚಗಂಗಾ ನದಿ ದಂಡೆಯ ಊರುಗಳು. ಗಡಹಿಂಗ್ಲಜ್ ಪಕ್ಕ ಹರಿಯುವುದು ಹಿರಣ್ಯಕೇಶಿ. ಮುಂದೆ ಸಂಕೇಶ್ವರದ ಹತ್ತಿರ ಅದು ಕರ್ನಾಟಕದ ಹೊಳೆ. ಈ ಕಡೆ ಸಾಮಾನ್ಯವಾಗಿ ಕಾಣುವುದು ಮೂರು ಬಗೆಯ ಮಿಂಚುಳ್ಳಿ. ಮೂರರ ಬೇಟೆಯೂ ಬೇರೆ ಬೇರೆ.

ಕರೆಂಟ್ ತಂತಿಯ ಮೇಲೆ ಕೂತು ಗಟ್ಟಿಯಾಗಿ ಕೂಗುವುದು ಬಿಳಿ ಎದೆಯ ಮಿಂಚುಳ್ಳಿ. ಕಂದು ತಲೆ, ನೀಲಿ ಬೆನ್ನು, ದಪ್ಪ ಕೆಂಪು ಕೊಕ್ಕು, ಉದ್ದ ಸುಮಾರು 28 ಸೆಂ.ಮೀ. ಇಂಗ್ಲಿಷ್‌ನವರು ಕಿಂಗ್‌ಫಿಶರ್ ಅಂದರೂ ಇದಕ್ಕೆ ಮೀನೇ ಬೇಕೆಂದಿಲ್ಲ. ಮಿಡತೆ, ಏಡಿ, ಕಪ್ಪೆ, ಹಲ್ಲಿ, ಸಣ್ಣ ಇಲಿ, ಸಿಕ್ಕಿದ್ದೆಲ್ಲ ಆಗುತ್ತದೆ. ಹಾಗಾಗಿ ಕಬ್ಬಿನ ಗದ್ದೆಯಲ್ಲೂ ಬದುಕುತ್ತದೆ, ಕೊಳಕು ನಾಲೆಯ ಪಕ್ಕದಲ್ಲೂ ಬದುಕುತ್ತದೆ.

ಎರಡನೆಯದು ಕಪ್ಪು-ಬಿಳಿ ಮಿಂಚುಳ್ಳಿ. ಮೈಯಲ್ಲಿ ನೀಲಿಯ ಸುಳಿವೇ ಇಲ್ಲ. ಅಗಲ ನೀರಿನ ಮೇಲೆ ಹೆಲಿಕಾಪ್ಟರ್‌ನಂತೆ ನಿಂತಲ್ಲೇ ರೆಕ್ಕೆ ಬಡಿದು, ಮೀನು ಕಂಡೊಡನೆ ತಲೆಕೆಳಗಾಗಿ ಬೀಳುತ್ತದೆ. ಗಂಡಿನ ಎದೆಯಲ್ಲಿ ಎರಡು ಕಪ್ಪು ಪಟ್ಟಿ. ಹೆಣ್ಣಿಗೆ ಒಂದೇ, ಅದೂ ನಡುವೆ ತುಂಡಾದದ್ದು.

ಅಸಲಿ ಪರೀಕ್ಷೆ ಮೂರನೆಯದಕ್ಕೆ. ಸಣ್ಣ ಮಿಂಚುಳ್ಳಿ, ಗುಬ್ಬಿಗಿಂತ ತುಸು ದೊಡ್ಡದು ಅಷ್ಟೆ. ಹೊಳೆಯುವ ನೀಲಿ ಬೆನ್ನು, ಕಿತ್ತಳೆ ಹೊಟ್ಟೆ. ಆ ನೀಲಿ ಬಣ್ಣವೇನೂ ಅಲ್ಲ. ಗರಿಯೊಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವ ಆಟ. ತಗ್ಗಿದ ಕೊಂಬೆಯಲ್ಲಿ ಅಲುಗಾಡದೆ ಕೂತು ನೀರನ್ನೇ ನೋಡುತ್ತಿರುತ್ತದೆ. ಲೋಟದ ನೀರಲ್ಲಿಟ್ಟ ಚಮಚ ಬಾಗಿದಂತೆ ಕಾಣುತ್ತದಲ್ಲ, ಹಾಗೆಯೇ ಮೀನು ಕಾಣುವ ಜಾಗ ಒಂದು, ಇರುವ ಜಾಗ ಇನ್ನೊಂದು. ಈ ವ್ಯತ್ಯಾಸ ಸರಿದೂಗಿಸಿಯೇ ಅದು ಧುಮುಕುತ್ತದೆ. ನೀರಿಗೆ ಬೀಳುವಾಗ ಕಣ್ಣಿಗೆ ತೆಳು ಪೊರೆ ಮುಚ್ಚಿಕೊಳ್ಳುತ್ತದೆ. ಅಂದರೆ ಗುರಿ ಪೂರಾ ಮೇಲಿನಿಂದಲೇ ಆಗಬೇಕು. ಹಿಡಿದ ಮೀನನ್ನು ಕೊಂಬೆಗೆ ಬಡಿದು, ತಲೆಯ ಕಡೆಯಿಂದ ನುಂಗುತ್ತದೆ. ಬಾಲದಿಂದ ನುಂಗಿದರೆ ಈಜುರೆಕ್ಕೆಯ ಮುಳ್ಳು ಗಂಟಲಲ್ಲಿ ಸಿಕ್ಕೀತು!

ಪಂಚಗಂಗೆಗೆ ಕೊಲ್ಲಾಪುರದ ಚರಂಡಿ ನೀರು, ಇಚಲಕರಂಜಿಯ ಬಟ್ಟೆ ಉದ್ಯಮದ ಬಣ್ಣದ ನೀರು ಸೇರುವುದು ಹಳೆಯ ದೂರು. ನೀರು ಕದಡಿದರೆ, ಮೇಲೆ ಅಂತರಗಂಗೆ ಹಬ್ಬಿದರೆ ಸಣ್ಣ ಮಿಂಚುಳ್ಳಿಗೆ ಮೀನು ಕಾಣುವುದಿಲ್ಲ. ಬಿಳಿ ಎದೆಯದು ಮಾತ್ರ ಅದೇ ದಂಡೆಯಲ್ಲಿ ಮಿಡತೆ ತಿಂದು ಆರಾಮಾಗಿರುತ್ತದೆ.

ಗೂಡಿನ ಸಂಗತಿ ಮೂರಕ್ಕೂ ಒಂದೇ. ಮಣ್ಣಿನ ಕಡಿದಾದ ದಂಡೆಯಲ್ಲಿ ಕೊಕ್ಕಿನಿಂದ ಸುರಂಗ ಕೊರೆದು, ಅದರ ಕೊನೆಯಲ್ಲಿ ಮೊಟ್ಟೆ ಇಡುತ್ತವೆ. ದಂಡೆಗೆ ಕಾಂಕ್ರೀಟ್ ಹಾಕಿದ ಕಡೆ ಆ ಸುರಂಗಕ್ಕೆ ಜಾಗವೇ ಇರುವುದಿಲ್ಲ.