ಗುರುತಿಲ್ಲದ ದಾರಿ

ಶಾಲೆಯ ಗೋಡೆಗೆ ತೂಗುಹಾಕಿರುವ ಭೂಪಟದಲ್ಲಿ ಬೆಂಗಳೂರಿಗೂ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೂ ನಡುವೆ ಅತ್ಯಂತ ಹತ್ತಿರದ ದಾರಿಯನ್ನು ಗುರುತಿಸಬೇಕೆಂದು ವಿದ್ಯಾರ್ಥಿಯೊಬ್ಬನಿಗೆ ಹೇಳಿದರೆ, ಅವನು ಅಳತೆಪಟ್ಟಿಯನ್ನಿಟ್ಟು ಪೂರ್ವಕ್ಕೆ ಶಾಂತಸಾಗರದ ಮೇಲೆಯೋ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದ ಮೇಲೆಯೋ ಗೆರೆ ಎಳೆಯುತ್ತಾನೆ. ಅದೇ ವಿದ್ಯಾರ್ಥಿಯ ಕೈಗೆ ಗೋಳವೊಂದನ್ನೂ ದಾರದ ತುಂಡೊಂದನ್ನೂ ಕೊಟ್ಟು, ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯೆಂದರೆ ಸಂಗತಿಯೇ ಬೇರೆಯಾಗುತ್ತದೆ. ದಾರವು ಹಿಮಾಲಯವನ್ನು ದಾಟಿ, ಚೀನಾ ಮತ್ತು ಸೈಬೀರಿಯಗಳ ಮೇಲೆ ಹಾದು, ಉತ್ತರದ ಹಿಮಸಾಗರದ ಅಂಚನ್ನು ಮುಟ್ಟಿ, ಅಲಾಸ್ಕಾದ ಕಡೆಯಿಂದ ಕೆಳಗಿಳಿಯುತ್ತದೆ. ಗೋಳದ ಮೇಲೆ ಎರಡು ಬಿಂದುಗಳನ್ನು ಸೇರಿಸುವ ಈ ಕಿರುದಾರಿಗೆ ಮಹಾವೃತ್ತ ಎಂದು ಹೆಸರು. ಬೆಂಗಳೂರು ಮತ್ತು ಸ್ಯಾನ್‌ಫ್ರಾನ್ಸಿಸ್ಕೋಗಳ ನಡುವೆ ಇದರ ಉದ್ದ ಸುಮಾರು 14,000 ಕಿಲೋಮೀಟರು.

ನೇರವಾಗಿ ಉತ್ತರ ಧ್ರುವದ ಮೇಲೆಯೇ ಹೋದರೇನಾಗುತ್ತದೆ? ಲೆಕ್ಕ ಸುಲಭ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿಂದ ಧ್ರುವಕ್ಕೆ 77 ಡಿಗ್ರಿ. ಸ್ಯಾನ್‌ಫ್ರಾನ್ಸಿಸ್ಕೋ ಸುಮಾರು 38 ಡಿಗ್ರಿಯಲ್ಲಿದೆ. ಧ್ರುವದಿಂದ ಅಲ್ಲಿಗೆ 52 ಡಿಗ್ರಿ. ಒಟ್ಟು 129 ಡಿಗ್ರಿ. ಒಂದು ಡಿಗ್ರಿಗೆ 111 ಕಿಲೋಮೀಟರಿನಂತೆ ಗುಣಿಸಿದರೆ 14,300 ಕಿಲೋಮೀಟರಿಗೆ ತುಸು ಹೆಚ್ಚು. ಭೂಮಿಯ ನೆತ್ತಿಯನ್ನು ಹತ್ತಿಳಿದರೂ ಹೆಚ್ಚಾಗುವ ದೂರ ಮುನ್ನೂರು ನಾನೂರು ಕಿಲೋಮೀಟರು ಮಾತ್ರ!

ದಾರಿ ಹತ್ತಿರದ್ದೇನೋ ಹೌದು. ಆದರೆ ಅದು ಗುರುತಿಲ್ಲದ ದಾರಿ. ನೆಲದ ಮೇಲೆ ಹಾರುವವನಿಗೆ ನದಿಯಿದೆ, ರೈಲುಹಳಿಯಿದೆ, ರಾತ್ರಿಯಲ್ಲಿ ಊರುಗಳ ದೀಪಗಳಿವೆ, ವಿಮಾನ ನಿಲ್ದಾಣಗಳ ರೇಡಿಯೋ ಸಂಕೇತಗಳಿವೆ. ನಡುಗಡಲಿನಲ್ಲಿ ಇವು ಯಾವುವೂ ಇಲ್ಲ. ಅಲೆಯೊಂದು ಇನ್ನೊಂದು ಅಲೆಯಂತೆಯೇ ಇರುತ್ತದೆ.

ಆರಂಭದ ಸಾಹಸಿಗಳಿಗಿದ್ದ ಮುಖ್ಯ ಆಸರೆ ಅಂದಾಜಿನ ಲೆಕ್ಕ. ಇಂಥ ವೇಗದಲ್ಲಿ, ಇಂಥ ದಿಕ್ಕಿಗೆ, ಇಷ್ಟು ಹೊತ್ತು ಹಾರಿದ್ದೇವೆ. ಗಾಳಿ ನಮ್ಮನ್ನು ಇಷ್ಟು ಪಕ್ಕಕ್ಕೆ ತಳ್ಳಿರಬೇಕು. ಆದುದರಿಂದ ನಾವೀಗ ಇಲ್ಲಿರಬೇಕು ಎಂಬ ತರ್ಕ. ಅಮೆರಿಕದ ಲಿಂಡ್‌ಬರ್ಗ್ 1927ರ ಮೇ ತಿಂಗಳಿನಲ್ಲಿ ಒಬ್ಬಂಟಿಗನಾಗಿ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಮೂವತ್ತಮೂರೂವರೆ ಗಂಟೆಗಳ ಕಾಲ ಹಾರಿದ್ದು ಹೀಗೆಯೇ. ಈ ಲೆಕ್ಕದಲ್ಲಿ ಸಣ್ಣ ತಪ್ಪೂ ಬೆಳೆಯುತ್ತ ಹೋಗುತ್ತದೆ. ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೆ ಅರುವತ್ತು ಮೈಲಿ ಹೋಗುವಷ್ಟರಲ್ಲಿ ಒಂದು ಮೈಲಿ ಪಕ್ಕಕ್ಕೆ ಸರಿದಿರುತ್ತೇವೆ. ಮೂರು ಸಾವಿರ ಮೈಲಿಯ ಸಾಗರವನ್ನು ದಾಟಿದಾಗ ಐವತ್ತು ಮೈಲಿ. ಎದುರಿಗಿರುವುದು ಯುರೋಪಿನಂಥ ಭೂಖಂಡವಾದರೆ ಚಿಂತೆಯಿಲ್ಲ. ಪುಟ್ಟ ದ್ವೀಪವಾದರೆ?

ಈ ಪ್ರಶ್ನೆಗೆ ಉತ್ತರ ಕಂಡುಕೊಂಡವರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಚಿಚೆಸ್ಟರ್ ಪ್ರಮುಖನು. 1931ರಲ್ಲಿ ಅವನು ನ್ಯೂಜಿಲೆಂಡಿನಿಂದ ಆಸ್ಟ್ರೇಲಿಯಕ್ಕೆ ಟಾಸ್ಮನ್ ಸಮುದ್ರವನ್ನು ದಾಟಲು ಹೊರಟನು. ಅವನದು ನೀರಿನ ಮೇಲಿಳಿಯುವಂತೆ ದೋಣಿಗಾಲು ಕಟ್ಟಿದ ಜಿಪ್ಸಿ ಮಾತ್ ಎಂಬ ಚಿಕ್ಕ ವಿಮಾನ. ಒಂದೇ ಉಸಿರಿಗೆ ಕಡಲನ್ನು ದಾಟುವಷ್ಟು ಪೆಟ್ರೋಲನ್ನು ಅದು ಹೊರಲಾರದು. ಆದುದರಿಂದ ನಡುವೆ ನಾರ್ಫೋಕ್, ಲಾರ್ಡ್ ಹೋವ್ ಎಂಬ ಎರಡು ದ್ವೀಪಗಳಲ್ಲಿ ಇಳಿಯಲೇಬೇಕು. ನಾರ್ಫೋಕ್ ದ್ವೀಪದ ಉದ್ದ ಹೆಚ್ಚೆಂದರೆ ಎಂಟು ಕಿಲೋಮೀಟರು. ಅದು ತಪ್ಪಿದರೆ ಮುಂದೆ ನೀರಲ್ಲದೆ ಬೇರೇನೂ ಇಲ್ಲ.

ಚಿಚೆಸ್ಟರ್ ಮಾಡಿದ ಉಪಾಯ ಕೇಳುವುದಕ್ಕೆ ವಿಚಿತ್ರವಾಗಿದೆ: ಅವನು ದ್ವೀಪದತ್ತ ಗುರಿಯಿಡಲೇ ಇಲ್ಲ. ಬೇಕೆಂದೇ ಒಂದು ಪಕ್ಕಕ್ಕೆ ದೂರವಾಗಿ ಹಾರಿದನು. ನೇರವಾಗಿ ಗುರಿಯಿಟ್ಟು ಹೋಗಿ ದ್ವೀಪ ಕಾಣದಿದ್ದರೆ, ಅದು ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯುವ ಬಗೆಯಿಲ್ಲ. ಬೇಕೆಂದೇ ಎಡಕ್ಕೆ ಸರಿದು ಹೋದವನಿಗೆ ದ್ವೀಪವು ಬಲಗಡೆಗೇ ಇದೆಯೆಂಬುದಂತೂ ಖಚಿತ. ಇನ್ನು ಉಳಿದ ಪ್ರಶ್ನೆ ಯಾವಾಗ ತಿರುಗಬೇಕೆಂಬುದು. ಅದನ್ನು ಸೂರ್ಯನಿಂದ ತಿಳಿದುಕೊಂಡನು. ಸೆಕ್ಸ್‌ಟಂಟ್ ಎಂಬ ಉಪಕರಣದಿಂದ ಕ್ಷಿತಿಜದ ಮೇಲೆ ಸೂರ್ಯನ ಎತ್ತರವನ್ನು ಅಳೆದರೆ, ಆ ಕ್ಷಣದಲ್ಲಿ ತಾನು ಯಾವ ರೇಖೆಯ ಮೇಲಿದ್ದೇನೆ ಎಂಬುದು ಗೊತ್ತಾಗುತ್ತದೆ. ದ್ವೀಪದ ಮೇಲೆ ಹಾದುಹೋಗುವ ರೇಖೆಯನ್ನು ಮುಟ್ಟಿದೊಡನೆ ತಿರುಗಿ, ಆ ರೇಖೆಯ ಮೇಲೆಯೇ ಸಾಗಿದರೆ ದ್ವೀಪವು ಎದುರಾಗಲೇಬೇಕು. ಒಂದು ಕೈಯಲ್ಲಿ ವಿಮಾನವನ್ನು ಸಂಭಾಳಿಸುತ್ತ, ಇನ್ನೊಂದು ಕೈಯಲ್ಲಿ ಸೂರ್ಯನನ್ನು ಅಳೆಯುತ್ತ, ತೊಡೆಯ ಮೇಲೆ ಲೆಕ್ಕ ಬರೆಯುತ್ತ ಹೋದ ಆ ಮನುಷ್ಯನು ಸರಿಯಾದ ಹೊತ್ತಿಗೆ ತಿರುಗಿದನು, ದ್ವೀಪ ಸಿಕ್ಕಿತು. ಎರಡನೆಯ ದ್ವೀಪವೂ ಸಿಕ್ಕಿತು. ಆದರೆ ಅಲ್ಲಿ ನಿಲ್ಲಿಸಿದ್ದ ವಿಮಾನವನ್ನು ರಾತ್ರಿಯ ಬಿರುಗಾಳಿ ಬುಡಮೇಲು ಮಾಡಿತು. ದ್ವೀಪವಾಸಿಗಳ ನೆರವಿನಿಂದ ಅದನ್ನು ಮತ್ತೆ ಕಟ್ಟಿಕೊಂಡು ಅವನು ಆಸ್ಟ್ರೇಲಿಯವನ್ನು ಮುಟ್ಟಿದನು.

ಮುಂದೆ ದೊಡ್ಡ ವಿಮಾನಗಳು ಬಂದಾಗ ಈ ಲೆಕ್ಕಕ್ಕೆಂದೇ ಒಬ್ಬ ಪಥದರ್ಶಕನನ್ನು ನೇಮಿಸುವ ಪದ್ಧತಿ ಬಂದಿತು. ಅವನಿಗೆ ಪ್ರತ್ಯೇಕ ಮೇಜು, ನಕ್ಷೆಗಳು, ನಿಷ್ಕೃಷ್ಟವಾದ ಗಡಿಯಾರ. ನಕ್ಷತ್ರಗಳನ್ನು ಅಳೆಯಲು ವಿಮಾನದ ನೆತ್ತಿಯಲ್ಲಿ ಒಂದು ಕಿಂಡಿ.

ಧ್ರುವದ ಸಮಸ್ಯೆಯೇ ಬೇರೆ. ಅಲ್ಲಿ ದಿಕ್ಸೂಚಿಯೇ ಕೈಕೊಡುತ್ತದೆ. ಆಯಸ್ಕಾಂತದ ಸೂಜಿಯು ಉತ್ತರ ಧ್ರುವವನ್ನು ತೋರಿಸುತ್ತದೆಂದು ನಾವು ವಾಡಿಕೆಯಿಂದ ಹೇಳುತ್ತೇವೆ. ನಿಜವಾಗಿ ಅದು ತೋರಿಸುವುದು ಭೂಮಿಯ ಕಾಂತಧ್ರುವವನ್ನು. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಇದನ್ನು ಕಂಡುಹಿಡಿದಾಗ ಅದು ಕೆನಡಾದ ಉತ್ತರದಂಚಿನಲ್ಲಿತ್ತು. ಅಂದಿನಿಂದ ಸರಿಯುತ್ತ ಸರಿಯುತ್ತ ಈಗ ಸೈಬೀರಿಯದ ಕಡೆಗೆ ನಡೆದಿದೆ. ಅದರ ಸಮೀಪದಲ್ಲಿ ಕಾಂತಬಲವು ನೆಲದತ್ತ ಎಳೆಯುವುದರಿಂದ ಸೂಜಿಯು ಅತ್ತಿತ್ತ ತೂಗಾಡುತ್ತದೆಯೇ ಹೊರತು ದಿಕ್ಕನ್ನು ತೋರಿಸುವುದಿಲ್ಲ. ಇಷ್ಟು ಸಾಲದೆಂಬಂತೆ ಅಲ್ಲಿ ರೇಖಾಂಶಗಳೆಲ್ಲ ಒಂದೆಡೆ ಬಂದು ಕೂಡುತ್ತವೆ. ನೇರವಾಗಿ ಹಾರುತ್ತಿರುವ ವಿಮಾನವೂ ನಿಮಿಷಗಳಲ್ಲಿ ರೇಖಾಂಶದ ಮೇಲೆ ರೇಖಾಂಶವನ್ನು ದಾಟುವುದರಿಂದ, ಉತ್ತರವೆಂಬುದು ಗಳಿಗೆಗೊಂದು ಕಡೆಗಿರುತ್ತದೆ. ಧ್ರುವದಲ್ಲಿ ನಿಂತವನಿಗಂತೂ ಯಾವ ಕಡೆಗೆ ಹೆಜ್ಜೆಯಿಟ್ಟರೂ ಅದು ದಕ್ಷಿಣವೇ.

ಈ ತೊಡಕನ್ನು ಬಿಡಿಸಿದವರು ಸರಳವಾದ ಒಂದು ಒಪ್ಪಂದ ಮಾಡಿಕೊಂಡರು. ಧ್ರುವಪ್ರದೇಶದ ನಕ್ಷೆಯ ಮೇಲೆ ಗ್ರೀನಿಚ್ ರೇಖಾಂಶಕ್ಕೆ ಸಮಾನಾಂತರವಾಗಿ ಚೌಕುಳಿಗೆರೆಗಳನ್ನು ಎಳೆದು, ನಿಜವಾದ ಉತ್ತರವನ್ನು ಮರೆತು, ಆ ಗೆರೆಗಳು ತೋರಿಸುವ ಕಡೆಯನ್ನೇ ಉತ್ತರವೆಂದು ಭಾವಿಸುವುದು. ಆ ದಿಕ್ಕನ್ನು ಹಿಡಿದಿಡುವ ಕೆಲಸ ಗೈರೋಸ್ಕೋಪಿನದು. ವೇಗವಾಗಿ ತಿರುಗುವ ಬುಗುರಿಯ ಅಚ್ಚು ತಾನು ಹಿಡಿದ ದಿಕ್ಕನ್ನು ಬಿಡುವುದಿಲ್ಲವಷ್ಟೆ. ಗೈರೋಸ್ಕೋಪಿನ ತತ್ತ್ವವೂ ಅದೇ. ಆದರೆ ಅದರ ಕೆಳಗೆ ಭೂಮಿಯೇ ಗಂಟೆಗೆ 15 ಡಿಗ್ರಿ ತಿರುಗುತ್ತಿರುವುದರಿಂದ ಆ ಅಂತರವನ್ನು ಸರಿಪಡಿಸಿಕೊಳ್ಳುತ್ತಿರಬೇಕು. ಸೂರ್ಯ ನಕ್ಷತ್ರಗಳ ಸಹಾಯದಿಂದ ಆಗಾಗ ತಾಳೆ ನೋಡಬೇಕು. ಧ್ರುವದ ಬಳಿ ಗಂಟೆಗಟ್ಟಲೆ ಉಳಿಯುವ ಸಂಧ್ಯಾಕಾಲದಲ್ಲಿ ಸೂರ್ಯನೂ ಇಲ್ಲ, ನಕ್ಷತ್ರಗಳೂ ಇಲ್ಲ. ಆಗ ಆಕಾಶದ ಬೆಳಕಿನಲ್ಲಿರುವ ಧ್ರುವೀಕರಣವನ್ನು ಅಳೆದು, ಮರೆಯಾಗಿರುವ ಸೂರ್ಯ ಯಾವ ಕಡೆಗಿದ್ದಾನೆಂದು ಹೇಳುವ ಉಪಕರಣವೊಂದನ್ನು ಬಳಸುತ್ತಿದ್ದರು. ಜೇನುನೊಣವು ಗೂಡಿನ ದಾರಿ ಹಿಡಿಯುವುದಕ್ಕೆ ಇದೇ ಬೆಳಕನ್ನು ಬಳಸಿಕೊಳ್ಳುತ್ತದೆಂಬುದು ಗಮನಾರ್ಹ. ಇಂಥ ಸಾಧನಗಳನ್ನು ನಂಬಿ ಸ್ಕ್ಯಾಂಡಿನೇವಿಯದ ವಿಮಾನಸಂಸ್ಥೆಯು 1954ರ ನವೆಂಬರಿನಲ್ಲಿ ಕೋಪನ್‌ಹೇಗನ್ನಿನಿಂದ ಗ್ರೀನ್‌ಲೆಂಡಿನ ಮಾರ್ಗವಾಗಿ ಲಾಸ್ ಏಂಜಲೀಸಿಗೂ, 1957ರಲ್ಲಿ ಧ್ರುವದ ಮೇಲೆ ಟೋಕಿಯೋಗೂ ಪ್ರಯಾಣಿಕರನ್ನು ಕರೆದೊಯ್ಯಲು ತೊಡಗಿತು.

1970ರ ದಶಕದ ಹೊತ್ತಿಗೆ ಜಡತ್ವ ಪಥದರ್ಶಕ ಯಂತ್ರವು ದೊಡ್ಡ ವಿಮಾನಗಳಲ್ಲಿ ಬಳಕೆಗೆ ಬಂದಿತು. ಕಣ್ಣು ಕಟ್ಟಿಕೊಂಡು ಬಸ್ಸಿನಲ್ಲಿ ಕುಳಿತವನಿಗೂ ಬಸ್ಸು ಹೊರಟಿತೋ ನಿಂತಿತೋ ತಿರುಗಿತೋ ಎಂಬುದು ಮೈಗೆ ತಿಳಿಯುತ್ತದೆ. ಈ ಯಂತ್ರವು ಅಂಥ ಪ್ರತಿಯೊಂದು ಅಲುಗನ್ನೂ ಅಳೆದು ಕೂಡಿಸುತ್ತ, ಹೊರಗಿನ ಯಾವ ಗುರುತನ್ನೂ ನೋಡದೆ ತಾನಿರುವ ಸ್ಥಳವನ್ನು ಹೇಳುತ್ತದೆ. ಪಥದರ್ಶಕನ ಕುರ್ಚಿ ಖಾಲಿಯಾಯಿತು. ಯಂತ್ರಕ್ಕೆ ಬೇಕಾದುದಿಷ್ಟೆ: ಹೊರಡುವ ಸ್ಥಳದ ಮತ್ತು ಮುಟ್ಟಬೇಕಾದ ಬಿಂದುಗಳ ಅಕ್ಷಾಂಶ ರೇಖಾಂಶಗಳು. ಅವುಗಳನ್ನು ಕೊಡುವವನು ಮನುಷ್ಯನೇ ಎಂಬುದರಲ್ಲಿ ಹೊಸದೊಂದು ಅಪಾಯ ಅಡಗಿತ್ತು.

1979ರ ನವೆಂಬರ್ 28ರಂದು ನ್ಯೂಜಿಲೆಂಡಿನ ಡಿ.ಸಿ. 10 ವಿಮಾನವೊಂದು ಅಂಟಾರ್ಕ್ಟಿಕದ ಹಿಮದೃಶ್ಯಗಳನ್ನು ತೋರಿಸಿಕೊಂಡು ಬರಲು 237 ಪ್ರಯಾಣಿಕರನ್ನೂ 20 ಮಂದಿ ಸಿಬ್ಬಂದಿಯನ್ನೂ ಹೊತ್ತು ಆಕ್ಲೆಂಡಿನಿಂದ ಹೊರಟಿತು. ಹತ್ತೊಂಬತ್ತು ದಿನಗಳ ಹಿಂದೆ ವೈಮಾನಿಕರಿಗೆ ಮಾರ್ಗದ ವಿವರಣೆ ನೀಡಲಾಗಿತ್ತು. ಆಗ ತೋರಿಸಿದ ಅಂಕಿಗಳ ಪ್ರಕಾರ ವಿಮಾನವು ಮೆಕ್‌ಮರ್ಡೋ ಕೊಲ್ಲಿಯ ಸಮತಟ್ಟಾದ ಹಿಮದ ಮೇಲೆ ಸಾಗಬೇಕಾಗಿತ್ತು. ಮುಖ್ಯ ವೈಮಾನಿಕನು ಹಿಂದಿನ ರಾತ್ರಿ ಮನೆಯಲ್ಲಿ ಅಟ್ಲಾಸನ್ನು ಬಿಡಿಸಿಕೊಂಡು ಆ ದಾರಿಯನ್ನು ತನ್ನ ಹೆಣ್ಣುಮಕ್ಕಳಿಗೆ ತೋರಿಸಿದ್ದನು. ಅದೇ ರಾತ್ರಿ ಕಚೇರಿಯಲ್ಲಿ ಕೊನೆಯ ಬಿಂದುವಿನ ರೇಖಾಂಶವನ್ನು ಎರಡು ಡಿಗ್ರಿಗಿಂತ ತುಸು ಹೆಚ್ಚು ಬದಲಾಯಿಸಲಾಯಿತು. ಹಳೆಯ ಅಂಕಿಯಲ್ಲಿ ತಪ್ಪಿದೆಯೆಂದು ಯಾರೋ ತಿದ್ದಿದ್ದರು. ತಿದ್ದಿದ ಸಂಗತಿಯನ್ನು ವೈಮಾನಿಕರಿಗೆ ಹೇಳಲಿಲ್ಲ. ಹೊಸ ಗೆರೆಯು 3,794 ಮೀಟರ್ ಎತ್ತರದ ಎರೆಬಸ್ ಜ್ವಾಲಾಮುಖಿಯ ಮೇಲೆ ಹಾಯುತ್ತಿತ್ತು. ಪ್ರಯಾಣಿಕರಿಗೆ ನೋಟ ಚೆನ್ನಾಗಿ ಕಾಣಲೆಂದು ವಿಮಾನ ಕೆಳಗಿಳಿಯಿತು. ಮೋಡದ ಕೆಳಗಿನ ಗಾಳಿ ನಿರ್ಮಲವಾಗಿತ್ತು. ಆದರೆ ಮೇಲೆ ಬಿಳಿಯ ಮೋಡ, ಎದುರಿಗೆ ಬಿಳಿಯ ಹಿಮ. ನೆರಳಿಲ್ಲದ ಆ ಬೆಳಕಿನಲ್ಲಿ ಏರುತ್ತಿದ್ದ ಇಳಿಜಾರು ಬಯಲಿನಂತೆ ಕಂಡಿತು. 257 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

1980ರ ಮೊದಲ ವರದಿಯು ದೋಷವನ್ನು ವೈಮಾನಿಕರ ಮೇಲೆ ಹೊರಿಸಿತು. 1981ರಲ್ಲಿ ನ್ಯಾಯಮೂರ್ತಿ ಪೀಟರ್ ಮಹೋನ್ ಅದನ್ನು ಒಪ್ಪದೆ, ತಿಳಿಸದೆ ಬದಲಾಯಿಸಿದ ಅಂಕಿಗಳೇ ದುರಂತದ ಮುಖ್ಯ ಕಾರಣವೆಂದು ತೀರ್ಮಾನಿಸಿದರು. ನ್ಯೂಜಿಲೆಂಡ್ ಸರ್ಕಾರವು ಮೃತರ ಕುಟುಂಬಗಳ ಕ್ಷಮೆ ಕೇಳಿದ್ದು ನಲವತ್ತು ವರ್ಷಗಳ ಅನಂತರ, 2019ರಲ್ಲಿ. ಇಂದು ಸಾಗರಯಾನಕ್ಕೆ ಹೊರಡುವ ವೈಮಾನಿಕರಲ್ಲಿ ಒಬ್ಬರು ಮಾರ್ಗದ ಅಂಕಿಗಳನ್ನು ಯಂತ್ರಕ್ಕೆ ಕೊಟ್ಟರೆ, ಇನ್ನೊಬ್ಬರು ಅವನ್ನು ಮೂಲ ಕಾಗದದೊಡನೆ ಬೇರೆಯಾಗಿಯೇ ತಾಳೆ ನೋಡುತ್ತಾರೆ. ಬಿಂದುವಿನಿಂದ ಬಿಂದುವಿಗಿರುವ ದಿಕ್ಕು ಮತ್ತು ದೂರಗಳನ್ನೂ ಪರೀಕ್ಷಿಸುತ್ತಾರೆ. ಒಂದು ಬಿಂದುವನ್ನು ದಾಟಿದ ಸುಮಾರು ಹತ್ತು ನಿಮಿಷಗಳ ಅನಂತರ ತಾವಿರುವ ಸ್ಥಳವನ್ನು ಗುರುತಿಸಿ, ಉದ್ದೇಶಿಸಿದ ಗೆರೆಯ ಮೇಲೆಯೇ ಇದ್ದೇವೆಯೇ ಎಂದು ನೋಡುತ್ತಾರೆ. ಹೊರಗಿನಿಂದ ನೋಡುವವನಿಗೆ ಇದು ಬೇಸರದ ಕೆಲಸವೆಂದು ತೋರಬಹುದು.

ಕೃತಕ ಉಪಗ್ರಹಗಳು ಬಂದ ಮೇಲೆ ಸ್ಥಳ ತಿಳಿಯುವುದು ಸುಲಭವಾಗಿದೆ. ಆದರೂ ಜಡತ್ವಯಂತ್ರವನ್ನು ಕಿತ್ತುಹಾಕಿಲ್ಲ. ಯುದ್ಧ ನಡೆಯುವ ಪ್ರದೇಶಗಳ ಸುತ್ತಮುತ್ತ ಉಪಗ್ರಹದ ಸಂಕೇತಗಳನ್ನು ಅಡಗಿಸುವುದೂ ಸುಳ್ಳು ಸಂಕೇತಗಳನ್ನು ಹರಡುವುದೂ ಈಚಿನ ವರ್ಷಗಳಲ್ಲಿ ಹೆಚ್ಚಿರುವುದರಿಂದ, ಹೊರಗಿನ ಮಾತನ್ನು ಕೇಳದ ಯಂತ್ರವೊಂದು ಒಳಗಿರುವುದು ಒಳ್ಳೆಯದೇ.

ಉಪಗ್ರಹಗಳ ನಿಖರತೆಯೇ ಒಂದು ಚಮತ್ಕಾರದ ತೊಂದರೆಯನ್ನೂ ತಂದಿತು. ಹಿಂದೆ ಒಂದೇ ಮಾರ್ಗದ ವಿಮಾನಗಳು ಅಷ್ಟಿಷ್ಟು ಆಚೀಚೆ ಹರಡಿಕೊಂಡಿರುತ್ತಿದ್ದುವು. ಈಗ ಎಲ್ಲವೂ ಕೂದಲೆಳೆಯಷ್ಟೂ ತಪ್ಪದೆ ಒಂದೇ ಗೆರೆಯ ಮೇಲೆ ಹಾರುವುದರಿಂದ, ಯಾರಾದರೂ ಎತ್ತರದಲ್ಲಿ ತಪ್ಪಿದರೆ ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಸಂಭವ ಹೆಚ್ಚು. ಆದುದರಿಂದ ಸಾಗರದ ಮೇಲೆ ವೈಮಾನಿಕರು ಮಾರ್ಗದ ನಡುಗೆರೆಯಿಂದ ಬಲಕ್ಕೆ ಒಂದೋ ಎರಡೋ ನಾಟಿಕಲ್ ಮೈಲಿ ಬೇಕೆಂದೇ ಸರಿದು ಹಾರುತ್ತಾರೆ. ಚಿಚೆಸ್ಟರ್ ಕೇಳಿದ್ದರೆ ನಗುತ್ತಿದ್ದನೇನೋ.

ಅಟ್ಲಾಂಟಿಕ್ ಸಾಗರದ ಮೇಲೆ ಪ್ರತಿದಿನವೂ ಗಾಳಿಯನ್ನು ನೋಡಿ ಮಾರ್ಗಗಳನ್ನು ಹೊಸದಾಗಿ ಗೊತ್ತುಪಡಿಸುತ್ತಾರೆ. ಹಗಲು ಹೆಚ್ಚಾಗಿ ಪಶ್ಚಿಮಾಭಿಮುಖ, ರಾತ್ರಿ ಪೂರ್ವಾಭಿಮುಖ. ನಡುಗಡಲಿಗೆ ನೆಲದ ರಾಡಾರು ಎಟುಕುವುದಿಲ್ಲ. ಬಹುಕಾಲ ಅಲ್ಲಿ ವಿಮಾನಗಳಿಗಿದ್ದ ಸಂಪರ್ಕವೆಂದರೆ ದೂರಗಾಮಿ ರೇಡಿಯೋ ಒಂದೇ. ಇಂಥ ಬಿಂದುವನ್ನು ಇಷ್ಟು ಗಂಟೆಗೆ, ಇಷ್ಟು ಎತ್ತರದಲ್ಲಿ ದಾಟಿದೆವು. ಮುಂದಿನ ಬಿಂದುವನ್ನು ಇಷ್ಟು ಹೊತ್ತಿಗೆ ಮುಟ್ಟುವೆವು ಎಂದು ವರದಿ ಮಾಡಬೇಕು. ಹೇಳಿದ ಹೊತ್ತಿಗೆ ವರದಿ ಬಾರದಿದ್ದರೆ ನೆಲದ ಮೇಲಿನವರು ವಿಚಾರಣೆಗೆ ತೊಡಗುತ್ತಾರೆ. ಈಗ ಇದರಲ್ಲಿ ಬಹುಪಾಲನ್ನು ಉಪಗ್ರಹಗಳ ಮೂಲಕ ಯಂತ್ರಗಳೇ ಮಾಡುತ್ತವೆ. ಧ್ರುವದ ಬಳಿ ಮಾತ್ರ, ಸಮಭಾಜಕವೃತ್ತದ ಮೇಲೆ ನಿಂತಿರುವ ಉಪಗ್ರಹಗಳು ಸುಮಾರು 82 ಡಿಗ್ರಿಯಿಂದಾಚೆಗೆ ಕ್ಷಿತಿಜದ ಕೆಳಗೆ ಮರೆಯಾಗುತ್ತವೆ. ಸೂರ್ಯನಲ್ಲಿ ಕ್ಷೋಭೆಯುಂಟಾದಾಗ ರೇಡಿಯೋ ಕೂಡ ಮೂಕವಾಗುತ್ತದೆ. 2003ರ ಅಕ್ಟೋಬರಿನಲ್ಲಿ ಅಂಥ ಸೌರಬಿರುಗಾಳಿ ಎದ್ದಾಗ ಧ್ರುವಮಾರ್ಗದ ವಿಮಾನಗಳನ್ನು ದಕ್ಷಿಣಕ್ಕೆ ತಿರುಗಿಸಬೇಕಾಯಿತು.

ಚಳಿಯದೂ ಒಂದು ಲೆಕ್ಕವಿದೆ. ಸಾಮಾನ್ಯ ವಿಮಾನದ ಇಂಧನವು ಶೂನ್ಯಕ್ಕಿಂತ 47 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಧ್ರುವದ ಮೇಲಿನ ಗಾಳಿ ಅದಕ್ಕಿಂತಲೂ ತಣ್ಣಗಿರಬಹುದು. ವೈಮಾನಿಕರು ತೊಟ್ಟಿಯ ಉಷ್ಣತೆಯನ್ನು ಗಮನಿಸುತ್ತಿದ್ದು, ಅದು ಎಲ್ಲೆಗೆ ಸಮೀಪಿಸಿದರೆ ಕೆಳಗಿನ ಬೆಚ್ಚನೆಯ ಪದರಕ್ಕೆ ಇಳಿಯುತ್ತಾರೆ. ಇಲ್ಲವೆ ವೇಗವನ್ನು ಹೆಚ್ಚಿಸುತ್ತಾರೆ. ವೇಗ ಹೆಚ್ಚಿದರೆ ಗಾಳಿಯ ಒತ್ತಡ ಘರ್ಷಣೆಗಳಿಂದಲೇ ರೆಕ್ಕೆ ತುಸು ಬೆಚ್ಚಗಾಗುತ್ತದೆ. ಎಂಜಿನ್ ಕೆಟ್ಟರೆ ಯಾವ ನಿಲ್ದಾಣಕ್ಕೆ ಎಷ್ಟು ಹೊತ್ತಿನಲ್ಲಿ ಹೋಗಬಹುದೆಂಬುದನ್ನು ಹೊರಡುವ ಮೊದಲೇ ಬರೆದಿಟ್ಟುಕೊಂಡಿರುತ್ತಾರೆ. ಆ ನಿಲ್ದಾಣಗಳು ಇರುವುದು ಹಿಮದ ನಡುವಣ ಒಂಟಿ ಊರುಗಳಲ್ಲಿ. ಅಲ್ಲಿ ಇಳಿಯಬೇಕಾಗಿ ಬಂದರೆ ಹೊರಗೆ ಹೋಗಿ ಕೆಲಸ ಮಾಡುವ ಸಿಬ್ಬಂದಿಗಾಗಿ ವಿಮಾನದಲ್ಲಿ ದಪ್ಪನೆಯ ಚಳಿಯುಡುಪುಗಳನ್ನು ಮಡಿಸಿಟ್ಟಿರುತ್ತಾರೆ.

2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವು ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ತನ್ನ ಮೊದಲ ನೇರಯಾನವನ್ನು ಕೈಗೊಂಡಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ಮುಂದಾಳ್ತನದಲ್ಲಿ ಅದನ್ನು ನಡೆಸಿದ ನಾಲ್ವರೂ ಮಹಿಳೆಯರು. ದಾರಿ ಉತ್ತರ ಧ್ರುವದ ಮೇಲೆ. ಧ್ರುವವನ್ನು ದಾಟಿದ ವಿಮಾನ ಎತ್ತಲೂ ತಿರುಗಬೇಕಾಗಿಲ್ಲ; ಹಾಗಿದ್ದರೂ ಅದುವರೆಗೆ ಉತ್ತರಾಭಿಮುಖವಾಗಿದ್ದುದು ಅಲ್ಲಿಂದಾಚೆಗೆ ದಕ್ಷಿಣಾಭಿಮುಖವಾಗುತ್ತದೆ. ಬೆಂಗಳೂರಿಗೆ ಉಳಿದಿದ್ದುದು 77 ಡಿಗ್ರಿ. ಜನವರಿ 11ರ ಬೆಳಗಿನ ಜಾವ ವಿಮಾನವು ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು.