ಹೊಂಗೆ ಎಲೆಯ ಗಂಟು ಮತ್ತು ಅಂಗಡಿಯ ಮಾಚಿಕಾಯಿ

ಬಸವಕಲ್ಯಾಣ ಹಾಗೂ ಹುಮನಾಬಾದ ತಾಲ್ಲೂಕುಗಳ ರಸ್ತೆಬದಿ ಮತ್ತು ಹೊಲದ ಬದುಗಳಲ್ಲಿರುವ ಹೊಂಗೆ ಮರಗಳ ಎಲೆಗಳ ಮೇಲೆ ಬೆರಳಿನಾಕಾರದ ಸಣ್ಣ ಗಂಟುಗಳು ಕಂಡುಬರುವುದುಂಟು. ಇದು ರೋಗ, ಪಕ್ಕದ ತೊಗರಿಗೂ ಹರಡುತ್ತದೆ, ಆದ್ದರಿಂದ ಮರ ಕಡಿಸಬೇಕು ಎಂಬ ಮನವಿ ಗ್ರಾಮ ಪಂಚಾಯತ್ ಸಭೆಯ ಮುಂದೆ ಬಂದಲ್ಲಿ, ಠರಾವು ಮಾಡುವ ಮೊದಲು ಸದಸ್ಯರು ಈ ಗಂಟಿನ ಸ್ವರೂಪವನ್ನು ಅರಿತಿರುವುದು ಅವಶ್ಯಕ.

ಹೊಂಗೆ ಎಲೆಯ ಗಂಟಿಗೆ ಕಾರಣ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ನುಸಿ. ಅದು ಎಳೆಯ ಎಲೆಯನ್ನು ಹೀರುವಾಗ ಪ್ರಚೋದನೆಗೊಂಡ ಜೀವಕೋಶಗಳು ಅತಿಯಾಗಿ ಬೆಳೆದು ಗಂಟಾಗುತ್ತವೆ. ಅಂದರೆ ಗಂಟು ಮರದ್ದೇ ಅಂಗಾಂಶ; ಒಳಗೆ ವಾಸಿಸುವ ಜೀವಿ ಮಾತ್ರ ಹೊರಗಿನದು.

ತೊಗರಿಯ ಕುರಿತ ಆತಂಕ ಪೂರ್ಣ ನಿರಾಧಾರವೇನಲ್ಲ. ತೊಗರಿಯ ಗೊಡ್ಡು ರೋಗವು ವೈರಾಣುವಿನಿಂದ ಬರುತ್ತದೆ. ಅದನ್ನು ಹರಡುವುದು ಅಸೇರಿಯಾ ಕಜಾನಿ ಎಂಬ ನುಸಿ. ಹೊಂಗೆಯ ನುಸಿಯೂ ಅಸೇರಿಯಾ ಕುಲದ್ದೇ. ಆದರೆ ಈ ನುಸಿಗಳು ತಮ್ಮ ಆಶ್ರಯ ಸಸ್ಯವನ್ನು ಬಿಟ್ಟು ಬೇರೆಡೆ ಬಾಳುವುದಿಲ್ಲ. ತೊಗರಿಯ ನುಸಿ ತೊಗರಿ ಮತ್ತು ಅದರ ಕಾಡು ಬಂಧುಗಳ ಮೇಲಷ್ಟೇ ಬದುಕುತ್ತದೆ. ಆದ್ದರಿಂದ ಹೊಂಗೆ ಕಡಿದರೆ ಗೊಡ್ಡು ರೋಗ ತಗ್ಗುವುದಿಲ್ಲ. ಹಿಂದಿನ ಹಂಗಾಮಿನಿಂದ ಹೊಲದಲ್ಲಿ ಉಳಿದ, ಕೂಳೆ ಚಿಗುರಿದ ತೊಗರಿ ಗಿಡಗಳನ್ನು ಕಿತ್ತು ನಾಶಪಡಿಸುವುದು ಹಾಗೂ ಬಿಎಸ್‌ಎಂಆರ್-736ರಂತಹ ನಿರೋಧಕ ತಳಿ ಬಿತ್ತುವುದೇ ಸರಿಯಾದ ಮಾರ್ಗ. ಮರ ಕಡಿಯುವುದಕ್ಕೆ, ವಿನಾಯಿತಿ ಪಡೆದ ಜಾತಿಗಳ ಹೊರತು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷ ಅಧಿಕಾರಿಯ ಅನುಮತಿಯೂ ಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಬೆಳೆದ ಹೊಂಗೆಗೆ ಎಲೆಗಂಟಿನಿಂದ ಹೆಚ್ಚಿನ ಹಾನಿಯಿಲ್ಲ. ಎತ್ತರದ ಮರಕ್ಕೆ ಕೀಟನಾಶಕ ಸಿಂಪಡಿಸುವುದು ಅನುದಾನದ ಪೋಲು, ಜೇನುನೊಣಗಳಿಗೂ ಅಪಾಯ. ಸಸಿಮಡಿಗಳಲ್ಲಿ ಗಂಟಾದ ಎಲೆಗಳನ್ನು ಚಿವುಟಿ ಹೂಳಿದರೆ ಸಾಕು. ಹೂಗಂಟು ಬೇರೆ ಸಂಗತಿ. ಒಂದು ಸಣ್ಣ ನೊಣ ಮೊಗ್ಗಿನಲ್ಲಿ ಮೊಟ್ಟೆಯಿಟ್ಟಾಗ ಹೂವು ಅರಳದೆ ಗುಂಡಗೆ ಊದಿಕೊಳ್ಳುತ್ತದೆ, ಕಾಯಿ ಕಟ್ಟುವುದಿಲ್ಲ. ಎಣ್ಣೆಗಾಗಿ ಹೊಂಗೆ ಬೀಜ ಸಂಗ್ರಹಿಸುವ ಗ್ರಾಮಗಳು ಇದನ್ನು ಗಮನಿಸಬೇಕು.

ಹೊಂಗೆಯ ಗಂಟಿಗೆ ಬೆಲೆಯಿಲ್ಲ. ಬೆಲೆಯಿರುವ ಗಂಟುಗಳು ಬೇರೆಯೇ ಇವೆ. ಗಿಡಮೂಲಿಕೆ ಅಂಗಡಿಯ ಮಾಚಿಕಾಯಿ, ಉರ್ದುವಿನಲ್ಲಿ ಮಾಜೂಫಲ, ಮರಾಠಿಯಲ್ಲಿ ಮಾಯಫಳ, ಹೆಸರಿಗೆ ಕಾಯಿ ಅಥವಾ ಫಲವೇ ಹೊರತು ನಿಜದಲ್ಲಿ ಎರಡೂ ಅಲ್ಲ. ತುರ್ಕಿ, ಸಿರಿಯಾ, ಇರಾನ್ ಕಡೆಯ ಓಕ್ ಮರದ ಎಳೆ ಕೊಂಬೆಯಲ್ಲಿ ಕಣಜವೊಂದು ಮೊಟ್ಟೆಯಿಟ್ಟಾಗ ಬೆಳೆಯುವ ಗಂಟು ಅದು. ಉತ್ತಮ ಮಾಚಿಕಾಯಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಟ್ಯಾನಿನ್, ಅಂದರೆ ಒಗರಿನ ಸತ್ವ. ಕಣಜ ಕೊರೆದು ಹೊರಬಿದ್ದ ತೂತುಗಾಯಿಯಲ್ಲಿ ಈ ಸತ್ವ ಕಡಿಮೆ. ಕೊಳ್ಳುವವರು ತೂತಿಲ್ಲದ, ಭಾರವಾದ ಕಾಯಿಯನ್ನೇ ಆರಿಸಬೇಕು. ಕೆಮ್ಮಿನ ಔಷಧಗಳಲ್ಲಿ ಬಳಸುವ ಕರ್ಕಾಟಕ ಶೃಂಗಿಯೂ ಹಿಮಾಲಯದ ಮರವೊಂದರ ಮೇಲೆ ಸಸ್ಯಹೇನುಗಳಿಂದಾಗುವ, ಕೊಂಬಿನಾಕಾರದ ಗಂಟು. ನಮ್ಮ ಕಾಡುಗಳ ಅಳಲೆ ಮರದ ಎಲೆಗಂಟನ್ನು ಹಿಂದೆ ಹಳದಿ ಬಣ್ಣಕ್ಕೆ ಬಳಸುತ್ತಿದ್ದರು.

ಒಗರಿನ ಸತ್ವಕ್ಕೆ ಕಬ್ಬಿಣ ಕೂಡಿದರೆ ಕಪ್ಪು ಬರುತ್ತದೆ. ಮಾಚಿಕಾಯಿಯ ಕಷಾಯಕ್ಕೆ ಅನ್ನಭೇದಿ ಮತ್ತು ಅಂಟು ಬೆರೆಸಿ ಮಾಡಿದ ಮಸಿ ಬರೆಯುವಾಗ ತೆಳುವಾಗಿದ್ದು, ಗಾಳಿ ತಾಗಿದಂತೆ ಕಪ್ಪಾಗಿ ಕಾಗದದ ಎಳೆಗಳೊಳಗೆ ಇಳಿಯುತ್ತದೆ, ನೀರಿಗೆ ತೊಳೆದುಹೋಗುವುದಿಲ್ಲ. ಯುರೋಪಿನಲ್ಲಿ ಶತಮಾನಗಳ ಕಾಲ ಸರ್ಕಾರಿ ದಾಖಲೆಗಳನ್ನು ಬರೆದದ್ದು ಈ ಮಸಿಯಿಂದಲೇ. ನಡಾವಳಿ ಪುಸ್ತಕದಲ್ಲಿ ತಿದ್ದುಪಡಿಯಾಗುವ ಚಿಂತೆ ಅಲ್ಲಿಯೂ ಇದ್ದಿರಬೇಕು. ಇದೇ ಸತ್ವ ಹಸಿ ಚರ್ಮದೊಡನೆ ಕೂಡಿ ಅದು ಕೊಳೆಯದಂತೆ ತಡೆಯುತ್ತದೆ. ಶರಣ ಹರಳಯ್ಯನವರ ಕಾಯಕವಾದ ಚರ್ಮದ ಕೆಲಸಕ್ಕೆ ಈ ನಾಡಿನಲ್ಲಿ ಒಗರನ್ನು ಒದಗಿಸುತ್ತ ಬಂದದ್ದು ಗಂಟಿಗಿಂತ ಹೆಚ್ಚಾಗಿ ಆವರಿಕೆ ಮತ್ತು ಜಾಲಿಯ ತೊಗಟೆ, ಅಳಲೆಕಾಯಿ.

ಇಂತಹ ತೊಗಟೆ, ಕಾಯಿ, ಅಂಟುಗಳನ್ನು ವ್ಯಾಪಾರಕ್ಕಾಗಿ ಸಂಗ್ರಹಿಸಲು ಹೊರಗಿನವರು ಬಂದಲ್ಲಿ ಪಂಚಾಯತ್ ಸುಮ್ಮನಿರಬೇಕಾಗಿಲ್ಲ. ಜೀವವೈವಿಧ್ಯ ಅಧಿನಿಯಮ 2002ರ ಪ್ರಕರಣ 41ರಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ವಾಣಿಜ್ಯ ಉದ್ದೇಶದ ಸಂಗ್ರಹಣೆಗೆ ಶುಲ್ಕ ವಿಧಿಸುವ ಅಧಿಕಾರವೂ ಅದಕ್ಕುಂಟು. ಯಾವ ಮರ ಎಲ್ಲಿದೆ, ಅದರ ಯಾವ ಭಾಗವನ್ನು ಯಾರು ಯಾವ ಕಾಲದಲ್ಲಿ ಒಯ್ಯುತ್ತಾರೆ ಎಂಬ ವಿವರ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಇದ್ದಾಗ ಮಾತ್ರ ಈ ಅಧಿಕಾರವನ್ನು ಚಲಾಯಿಸಲು ಆಧಾರ ದೊರೆಯುತ್ತದೆ. ಗ್ರಾಮದ ನಾಟಿ ವೈದ್ಯರು ಮತ್ತು ಕುರಿಗಾಹಿಗಳನ್ನು ಕೇಳಿಯೇ ಆ ದಾಖಲಾತಿಯನ್ನು ಭರ್ತಿ ಮಾಡುವುದು ಸೂಕ್ತ.